ಆಕಾಶ ಕಾಯುವ ಕೆಲಸ

ನಮ್ಮ ದೇಶದ ಆಕಾಶ ಕಾಯುವುದು ನನ್ನ ಕೆಲಸ. ಕೇಳೋಕೆ ಭಾರಿ ದೊಡ್ಡದು. ನೋಡಿದರೆ ಕಿಟಕಿಯಿಲ್ಲದ ಕೋಣೆ, ಗೊರಗೊರ ಎನ್ನುವ ಏಸಿ, ಬೆನ್ನು ಮುರಿದ ಕುರ್ಚಿ, ಎದುರಿಗೊಂದು ರಾಡಾರ್ ಪರದೆ. ಹೇಳದೆ ಕೇಳದೆ ಒಂದು ಚುಕ್ಕೆ ಗಡಿ ದಾಟಿದರೆ ರೇಡಿಯೋದಲ್ಲಿ ‘ಯಾರು ನೀವು?’ ಎಂದು ಕೇಳಬೇಕು. ಸಂಬಳ ಅದಕ್ಕೇ.

ಆದರೆ ನಮ್ಮ ದೊಡ್ಡ ಮಿತ್ರದೇಶದ ವಿಮಾನಗಳನ್ನು ಮಾತ್ರ ಕೇಳುವಂತಿಲ್ಲ. ಅವು ಬರುವ ಹೊತ್ತಿಗೆ ಮೇಲಿನಿಂದ ಸಾಹೇಬರಿಗೆ ಫೋನ್ ಬರುತ್ತದೆ. ಅವರು ಎದ್ದು ಸೊಂಟ ನೀವಿಕೊಂಡು, “ನಡೀರಪ್ಪಾ, ಟೀ ಕುಡ್ಕೊಂಡ್ ಬರೋಣ” ಎನ್ನುತ್ತಾರೆ. ಪರದೆ ಆರಿಸಿ ಎಲ್ಲರೂ ಕ್ಯಾಂಟೀನಿಗೆ. ನಾವು ನೋಡದಿದ್ದದ್ದು ಬಂದೇ ಇಲ್ಲ, ಮುಗಿಯಿತು. ಅವು ನಮ್ಮ ತಲೆಯ ಮೇಲೆ ಹಾದು ಇನ್ನಾರದೋ ಊರಿಗೆ ಬಾಂಬು ಹಾಕಲು ಹೋಗುತ್ತಿದ್ದವು. ನಮ್ಮ ಗಂಟೇನು ಹೋಗುತ್ತಿತ್ತು?

ಆ ಮಧ್ಯಾಹ್ನ ಸಾಹೇಬರು ಟೀಗೆ ಕರೆಯುವಷ್ಟರಲ್ಲಿ ಎರಡು ಚುಕ್ಕೆಗಳು ಆಗಲೇ ಗಡಿ ದಾಟಿದ್ದವು. ಎಂದಿನಂತೆ ನೇರ ಹೋಗಲಿಲ್ಲ. ನಮ್ಮದೇ ಗಡಿ ಪಟ್ಟಣದ ಕಡೆ ತಿರುಗಿ ಕೆಳಗಿಳಿಯತೊಡಗಿದವು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ತಂಗಿ ನರ್ಸು.

“ಸಾರ್, ಆ ಊರಲ್ಲಿ ನನ್ ತಂಗಿ ಇದಾಳೆ.”

ಸಾಹೇಬರು ನನ್ನ ಮುಖ ನೋಡಲಿಲ್ಲ. “ಅವ್ರ ಶತ್ರುಗಳು ಅಲ್ಲಿ ಅಡಗಿದಾರಂತೆ. ನಮ್ ಕೈಲೇನಿದೆಯಮ್ಮಾ? ಪರದೆ ಆರ್ಸಿ ಏಳು.”

“ಅವಳಿಗೆ ಒಂದೇ ಒಂದು ಫೋನ್ ಮಾಡ್ಲಾ?”

“ಇಲ್ಲಿಂದ ಹೊರಗೆ ಲೈನ್ ಇಲ್ಲ, ಗೊತ್ತಲ್ಲ.” ಮೊಬೈಲನ್ನಂತೂ ದಿನಾ ಗೇಟಿನಲ್ಲೇ ಕೊಟ್ಟು ಒಳಗೆ ಬರಬೇಕು.

ಉಳಿದವರೆಲ್ಲ ಹೋದರು. ನಾನು ಏಳಲಿಲ್ಲ. ಮೈಕು ಎಳೆದುಕೊಂಡು, ಆ ವಿಮಾನಗಳನ್ನು ಇಲ್ಲಿ ಯಾರೂ ಎಂದೂ ಕೇಳದ ಮಾತನ್ನು ಕೇಳಿಯೇಬಿಟ್ಟೆ. ಯಾರು ನೀವು, ಯಾರನ್ನು ಕೇಳಿ ಬಂದಿರಿ, ವಾಪಸ್ ತಿರುಗಿ. ಸುಳ್ಳೇಕೆ, ಇಷ್ಟು ವರ್ಷದಲ್ಲಿ ನಾನು ನಿಜಕ್ಕೂ ನನ್ನ ಕೆಲಸ ಮಾಡಿದ್ದು ಆ ಒಂದು ಗಳಿಗೆ ಮಾತ್ರ. ಅವರಿಂದ ಉತ್ತರವೂ ಬಂತು. ಕೂಡಲೇ ಸಾಹೇಬರು ಬಾಗಿಲಿನಿಂದ ಓಡಿಬಂದು ಮೈಕಿನ ತಂತಿ ಕಿತ್ತರು.

ಸಂಜೆ ಮಂತ್ರಿಗಳು ಟಿವಿಯಲ್ಲಿ ಬಂದರು. ನಮ್ಮದು ಸ್ವತಂತ್ರ, ಸಾರ್ವಭೌಮ ದೇಶ, ನಮ್ಮ ಅಪ್ಪಣೆಯಿಲ್ಲದೆ ಒಂದು ನೊಣವೂ ಒಳಗೆ ಬರಲಾರದು, ಆಸ್ಪತ್ರೆಯಲ್ಲಿ ಸಿಡಿದದ್ದು ಗ್ಯಾಸ್ ಸಿಲಿಂಡರ್ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ತಂಗಿಯ ದೇಹವೆಂದು ಕೊಟ್ಟ ಗಂಟನ್ನು ಬಿಚ್ಚಿ ನೋಡಲೂ ಬಿಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಸಿಲಿಂಡರು ಗಿಲಿಂಡರು ನನ್ ಹತ್ರ ಬೇಡ. ವಿಮಾನ ಬಂದಿದ್ದನ್ನ ಊರಿಗೂರೇ ನೋಡಿದೆ. ನೀನು ಅಲ್ಲೇ ಕೂತಿದ್ಯಲ್ಲೇ! ಯಾರು ಅಂತ ಒಂದ್ ಮಾತು ಕೇಳ್ಲಿಲ್ವಾ?”

“ಕೇಳ್ದೆ ಅಮ್ಮಾ.”

“ಏನಂದ್ರು?”

ಹೇಳಬಾರದಿತ್ತು. ಹೇಳಿದೆ.

“ನೀವಿನ್ನೂ ಟೀ ಕುಡಿಯೋಕೆ ಹೋಗಿಲ್ವಾ, ಅಂದ್ರು.”