ಬಸರಾಕ್ಕೆ ಹೋದವನ ಟಾಕು

ಊದಿನಕಡ್ಡಿಯ ಹೊಗೆ ಈ ಸಾಲಿನ ಕಡೆಗೇ ಯಾಕೆ ಬರುತ್ತದೋ, ಇಷ್ಟು ಜನರಲ್ಲಿ ಅದಕ್ಕೆ ಹೊಳೆವ್ವನ ಕಣ್ಣೇ ಬೇಕು, ಉಜ್ಜಿಕೊಂಡರೆ ಅತ್ತಳು ಅನ್ನುತ್ತಾರೆ, ಅನ್ನಲಿ, ವೀರನ ಮಗಳು ಅತ್ತರೆ ಇವತ್ತು ಶೋಭೆಯೇ, ಓಡಿಹೋದವನ ಮಗಳು ಅತ್ತಾಗ ಯಾರು ಕೇಳಿದ್ದರು — ಜಮಖಂಡಿಯ ಹೆಣ್ಣುಮಕ್ಕಳ ಸಾಲೆಯ ಈ ದೊಡ್ಡ ಖೋಲಿಯಲ್ಲಿ ಜಮಖಾನೆ ಹಾಸಿದೆ, ಎದುರಿಗೆ ಮಣೆಗಳು, ಮಣೆಗಳ ಮೇಲೆ ಲಡಾಯಿಯಲ್ಲಿ ಸತ್ತವರ ಫೋಟೋ, ಫೋಟೋ ಇಲ್ಲದವರ ಮೋರೆ ಒತ್ತಿದ ಬೆಳ್ಳಿ ತಗಡಿನ ಟಾಕು, ಕೊನೆಯ ಮಣೆಯ ಮೇಲೆ ಅಪ್ಪ. ಅಪ್ಪನೋ, ಟಾಕು ಒತ್ತಿದ ಪತ್ತಾರನ ಮನಸ್ಸಿಗೆ ಬಂದ ಯಾವನೋ ಗಂಡಸೋ. ಅವಳಿನ್ನೂ ಹೊಟ್ಟೆಯಲ್ಲಿದ್ದಾಗ, ಮೊದಲನೇ ಮಹಾಯುದ್ಧದ ಕಾಲಕ್ಕೆ, ಸಮುದ್ರದಾಚೆ ಬಸರಾದ ಲಡಾಯಿಗೆ ಹೋದವನ ಮೋರೆ ಅವಳಿಗೇನು ಗೊತ್ತು, ಮೀಸಿ ಹೆಂಗ ತಗೀಲಿ ಅಂತ ಪತ್ತಾರ ಕೇಳಿದಾಗ ಎಲ್ಲಾರಿಗಿ ಇರೂ ಹಂಗ ತಗೀರಿ ಅಂದಿದ್ದಳು. ಯಾವಾಗ ತೀರಿಕೊಂಡ್ರು ಅಂತಲೂ ಕೇಳಿದ, ಸತ್ತ ಹಿರಿಯರಿಗಲ್ಲದೆ ಟಾಕು ಒತ್ತುವ ಪದ್ಧತಿ ಎಲ್ಲಿದೆ, ದೇವರ ಜಗಲಿಯ ಮೇಲೆ ಕೂಡುವವರು ತೀರಿಹೋದವರೇ, ಅವಳು ಕಾಲ್ಕಡಗ ಬಿಚ್ಚಿ ಮುಂದಿಟ್ಟಳು, ಕರಗಸರಿ ಅಂದಳು.

ಪಕ್ಕದಲ್ಲಿ ಅವ್ವ, ಸೋಮವ್ವ, ಕಣ್ಣಿಗೆ ಪೊರೆ ಬಂದು ಎದುರಿನ ಮಣೆ ಕಾಣುವುದಿಲ್ಲ, ಅದೊಂದು ಪುಣ್ಯ. ಕೈತುಂಬ ಹಸಿರು ಬಳೆ, ಹಣೆಯ ಮೇಲೆ ಕಾಸಿನಗಲ ಕುಂಕುಮ. ಬರಬೇಡ ಅಂತ ಎಷ್ಟು ಬಡಿದುಕೊಂಡಳು, ಬಿಸಿಲೈತಿ ಬೇ, ಭಾಷಣ ನಿನಗ ತಿಳಿಯೂದಿಲ್ಲ ಬೇ, ಆದರೆ ಮುತ್ತೈದೆಯರಿಗೆ ಅರಿಷಿಣ ಕುಂಕುಮ ಕೊಡುತ್ತಾರೆಂದು ಯಾರೋ ಪುಣ್ಯಾತ್ಗಿತ್ತಿ ಕಿವಿಯಲ್ಲಿ ಊದಿದ್ದಳು, ಅರಿಷಿಣ ಕುಂಕುಮವೆಂದರೆ ಅವ್ವ ಒಲ್ಲೆ ಅಂದವಳಲ್ಲ, ಕರೆಯದ ಮನೆಗೂ ಹೋಗಿ ಸಾಲಿನ ತುದಿಗೆ ಕೂತು ಹಣೆ ಮುಂದೆ ಮಾಡಿದವಳು, ಬಾಕಿ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರೂ ಸೈ. ಹರೆಯದಲ್ಲಿ ಉಡಿಕೆ ಮಾಡಿ ಇನ್ನೊಬ್ಬನಿಗೆ ಕೊಡುತ್ತೇವೆಂದು ಅಣ್ಣತಮ್ಮಂದಿರು ಬಂದಾಗ, ಗಂಡ ಇದ್ದಾಕಿಗಿ ಎಂಥಾ ಉಡಿಕಿ ಅಂತ ಕುರಿ ಕಾಯುವ ಕೋಲು ಎತ್ತಿದ್ದಳಂತೆ. ಹಿರಿಯರ ಅಮಾಸೆಗೆ ಸತ್ತವರೆಲ್ಲರಿಗೂ ಎಡೆ ಹಿಡಿಯುತ್ತಾಳೆ, ಅವನಿಗಿಲ್ಲ, ಅವನಿಗೆ ದಿನಾ ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿಸುತ್ತಾಳೆ, ಹಸಿದು ಬಂದಾನು ಅಂತ, ಬೆಳಗಾದರೆ ಅದು ನಾಯಿಯ ಪಾಲು. ಆ ರೊಟ್ಟಿ ಕಂಡರೆ ಹೊಳೆವ್ವನಿಗೆ ಮೈ ಉರಿಯುತ್ತಿತ್ತು, ಅಳುವೂ ಬರುತ್ತಿತ್ತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ, ಲಡಾಯಿ ಬಿಟ್ಟು ಓಡಿದಾನ, ಮಿರಜದಾಗ ಬ್ಯಾರೆ ಮನಿ ಮಾಡ್ಯಾನ, ಅವಳ ಮದುವೆಯ ಚಪ್ಪರದಲ್ಲೂ ಅದನ್ನೇ ಅಂದರು, ಮೊನ್ನೆ ಅವಳ ಮಗಳನ್ನು ನೋಡಲು ತೇರದಾಳದಿಂದ ಬಂದವರು ಚಹಾ ಕುಡಿದು, ಹುಡಿಗಿ ಮುತ್ಯಾನ ಸುದ್ದಿ ಕೇಳೇವಿ, ನೋಡೂಣು ಅಂತ ಎದ್ದರು. ಆ ವಾರವೇ ಕೃಷ್ಣಾಬಾಯಿ ಬಂದದ್ದು, ಮಹಿಳಾ ಮಂಡಳದ ಅಧ್ಯಕ್ಷೆ, ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂತು, ನಮ್ಮ ಸೀಮೆಯಿಂದ ಲಡಾಯಿಗೆ ಹೋದವರನ್ನು ಅವರ ಮನೆಯ ಹೆಣ್ಣುಮಕ್ಕಳೇ ನೆನೆಯಬೇಕು ಅಂದರು, ರಣದಲ್ಲಿ ಸತ್ತವರಿಗೆ ಮಾತ್ರ ಮಣೆ. ತಿರುಗಿ ಬರಲಿಲ್ಲಂದ್ರ ಅಲ್ಲೇ ದೇಹ ಬಿಟ್ಟಾರ, ಹೌದಿಲ್ಲೋ ಹೊಳೆವ್ವಾ, ಅಂತ ಅವರೇ ಕೇಳಿದರು. ಹ್ಞೂ ಅಂದಳು. ಅಷ್ಟೇ, ಒಂದು ಹ್ಞೂ. ಮನೆಗೆ ಹೋಗಿ ಅವ್ವನಿಗೆ ಹೇಳಲಿಲ್ಲ, ಯಾವ ಬಾಯಿಂದ ಹೇಳುವುದು, ನಿನ್ನ ಗಂಡನನ್ನು ಸಾಯಿಸಿ ಬಂದೆ ಅಂತಲೇ?

ತೇರದಾಳದ ಹುಡುಗನ ತಾಯಿ ಬಂದಿದ್ದಾಳೆ, ಬಾಗಿಲ ಹತ್ತಿರ ಕೂತಿದ್ದಾಳೆ, ಮಣೆಯ ಕಡೆ ನೋಡಿದಳು, ತಲೆ ಆಡಿಸಿದಳು, ಛಲೋ ಆತು, ಇನ್ನು ಮಗಳ ಮದುವೆ ಕೂಡಿಬರುತ್ತದೆ. ಅರಿಷಿಣ ಕುಂಕುಮ ಮುಗಿದ ಮೇಲೆ ಹೆಸರು ಕೂಗುತ್ತೇವೆ ಅಂದಿದ್ದರು, ನಡುವೆ ಅವ್ವನನ್ನು ನೀರಿನ ನೆಪದಲ್ಲಿ ಹೊರಗೆ ಎಬ್ಬಿಸಿದರಾಯಿತು ಅಂತ ಇವಳ ಎಣಿಕೆ, ಈಗ ನೋಡಿದರೆ ಹೊತ್ತಾಯಿತೆಂದು ಎರಡನ್ನೂ ಒಟ್ಟಿಗೇ ಹೂಡಿದ್ದಾರೆ, ಕೃಷ್ಣಾಬಾಯಿ ಆಚೆ ಹೆಸರು ಕೂಗುತ್ತಿದ್ದಾರೆ, ಅವರ ಸೊಸೆ ಅಲಕಾ ಈಚೆ ಹರಿವಾಣ ಹಿಡಿದು ಸಾಲಿನಲ್ಲಿ ಬರುತ್ತಿದ್ದಾಳೆ, ಬೇಗ ಬಾರೇ ತಾಯಿ, ಆ ಹೆಸರಿಗಿಂತ ಮೊದಲು ಬಾ, ಬಂದಳು, ಕುಂಕುಮದಲ್ಲಿ ಬೆರಳು ಅದ್ದಿದಳು, ಅವ್ವ ಹಣೆ ಮುಂದೆ ಮಾಡಿದಳು — ಗಿರಮಲ್ಲಪ್ಪನವರು, ಬಸರಾದ ರಣರಂಗದಲ್ಲಿ ವೀರಮರಣ, ಅವರ ಪತ್ನಿ ಸೋಮವ್ವನವರು ನಮ್ಮ ನಡುವೆಯೇ ಇದ್ದಾರೆ. ಚಪ್ಪಾಳೆ. ಅಲಕಾಳ ಬೆರಳು ಗಾಳಿಯಲ್ಲಿ ನಿಂತಿತು. ಅವಳು ಹೊಳೆವ್ವನ ಮೋರೆ ನೋಡುತ್ತಾಳೆ, ಹಚ್ಚಲೋ ಬೇಡವೋ, ಹಚ್ಚರಿ ಅಂದರೆ ಸಾಕು, ಒಂದು ಮಾತು, ಅಂದರೆ ಮಣೆಯ ಮೇಲಿನ ಟಾಕು ಸುಳ್ಳಾಗುತ್ತದೆ, ಬಾಗಿಲ ಹತ್ತಿರದವಳು ಎದ್ದು ಹೋಗುತ್ತಾಳೆ, ಚಪ್ಪಾಳೆ ಇನ್ನೂ ನಿಂತಿಲ್ಲ. ಇಷ್ಟು ವರ್ಷಗಳ ಮೇಲೆ ಆ ಹೆಸರನ್ನು ಹತ್ತು ಮಂದಿಯಲ್ಲಿ ಕೇಳಿದ ಅವ್ವನ ಮೋರೆ ಅರಳಿದೆ, ಗಂಡನ ಮರ್ಯಾದೆಗೇ ಕೈ ಬಡಿಯುತ್ತಿದ್ದಾರೆಂದು ಅವಳ ನಂಬಿಗೆ.

ಹಚ್ಚರಿ ತಾಯಿ, ಅವರ ಹೆಸರಿಲೇ ಹಚ್ಚರಿ, ಅಂದಳು ಅವ್ವ.

ಹೊಳೆವ್ವ ಬಾಗಿಲ ಕಡೆ ನೋಡಿದಳು. ಅಲಕಾ ಒಂದು ಹೆಜ್ಜೆ ಈಚೆ ಇಟ್ಟು ಆ ಬೆರಳನ್ನು ಹೊಳೆವ್ವನ ಹಣೆಗೇ ಒತ್ತಿ ಮುಂದೆ ಹೋದಳು, ತಣ್ಣಗಿದೆ ಕುಂಕುಮ, ಅವ್ವ ಇನ್ನೂ ಕಣ್ಣು ಮುಚ್ಚಿ ಹಣೆ ಮುಂದೆ ಮಾಡಿಕೊಂಡೇ ಇದ್ದಾಳೆ, ಹರಿವಾಣ ಸಾಲು ದಾಟಿತು, ಅವ್ವ ಹಣೆ ಮುಂದೆ ಮಾಡಿಕೊಂಡೇ ಇದ್ದಾಳೆ, ಹಣೆ ಮುಂದೆ