ವಾಪಸಪ್ಪನ ಭಾವಮೈದ

"ಇನ್ನೂ ಎಷ್ಟು ಹೊತ್ತು ಅಂತ ಕಾಯೋದು ಅಕ್ಕಾ? ಬಿಸಿಲೇರ್ತಿದೆ," ಎನ್ನುತ್ತ ಬಡಗಿ ಚಟ್ಟದ ಹಗ್ಗವನ್ನು ಮತ್ತೊಮ್ಮೆ ಬಿಗಿದ.

"ಸ್ವಲ್ಪ ತಡಿಯಪ್ಪಾ. ನನ್ನ ತಮ್ಮ ಬರಲಿ." ಅವಳು ಸತ್ತ ಗಂಡನ ಅಂಗಿಯ ಕಾಲರು ಸರಿಮಾಡಿದಳು.

ಜಗಲಿ ತುಂಬ ಜನ. ಸತ್ತವನು ಮೂವತ್ತು ವರ್ಷ ಹಣ್ಣಿನ ಮಂಡಿಯ ಬಾಗಿಲಲ್ಲಿ ಕೂತು, ಪ್ರತಿಯೊಬ್ಬರ ಕಿತ್ತಳೆ ಪೆಟ್ಟಿಗೆಯನ್ನೂ ತಳದ ತನಕ ಕೆದಕಿ, ಕಲೆ ಕಂಡರೆ "ವಾಪಸ್" ಎನ್ನುತ್ತಿದ್ದ ಆಸಾಮಿ. ಊರು ಅವನಿಗಿಟ್ಟ ಹೆಸರೇ ವಾಪಸಪ್ಪ. ಅವನನ್ನು ಬೈಯದವರಿರಲಿಲ್ಲ, ಇವತ್ತು ಬರದವರೂ ಇರಲಿಲ್ಲ, ಒಬ್ಬನ ಹೊರತು.

"ದೇವರು ಇವನನ್ನ ಸ್ವರ್ಗದ ಬಾಗಿಲಲ್ಲಿ ಕೂರಿಸಿದರೆ ಮುಗೀತು," ಎಂದಳು ಪಕ್ಕದ ತೋಟದ ಮುದುಕಿ. "ನಾವ್ಯಾರೂ ಒಳಗೆ ಹೋದ ಹಾಗೇ!"

ಎಲ್ಲರೂ ನಕ್ಕರು. ಮುದುಕಿ ನಗುನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

*

ಹನ್ನೊಂದು ವರ್ಷದ ಹಿಂದೆ ತಮ್ಮ ತನ್ನ ತೋಟದ ಮೊದಲ ಫಸಲನ್ನು ಹೊಸ ಅಂಗಿ ತೊಟ್ಟು ಮಂಡಿಗೆ ತಂದಿದ್ದ. ವಾಪಸಪ್ಪ ನಾಲ್ಕು ಹಣ್ಣು ಹಿಚುಕಿ ನೋಡಿ, ಅಷ್ಟು ಜನರ ಮುಂದೆ ಅದೇ ಮಾತು ಹೇಳಿದ. ತಮ್ಮ ಮತ್ತೆ ಈ ಮನೆಯ ಹೊಸಿಲು ತುಳಿಯಲಿಲ್ಲ.

"ಸ್ವಂತ ಭಾವಮೈದ ಕಣ್ರೀ! ನಿಮಗೆ ಕರುಳೇ ಇಲ್ವಾ?" ಎಂದು ಅವಳು ಹಾರಾಡಿದ್ದಳು.

"ಗಿಡ ಚಿನ್ನ ಕಣೇ. ಎಂಟು ದಿನ ಮುಂಚೆ ಕಿತ್ತುಬಿಟ್ಟಿದ್ದಾನೆ, ಅಷ್ಟೆ. ನಾನು ಹೇಳಿದರೆ ಕೇಳಲ್ಲ, ನೀನು ಹೋಗಿ ಹೇಳು."

ಸಿಟ್ಟಿನಲ್ಲಿ ಅವಳು ಹೇಳಲಿಲ್ಲ. ಆಮೇಲೆ ನಾಚಿಕೆಯಿಂದ ಹೇಳಲಿಲ್ಲ. ಹೇಳದೆ ಇದ್ದದ್ದನ್ನು ಗಂಡನಿಗೂ ತಿಳಿಸಲಿಲ್ಲ.

*

ಕಿತ್ತಳೆ ಬುಟ್ಟಿ ಹೊತ್ತು ತಮ್ಮ ಅಂಗಳಕ್ಕೆ ಬಂದಾಗ ಜನ ದಾರಿ ಬಿಟ್ಟರು. ಅವಳು ಓಡಿ ಅವನ ತೋಳು ಹಿಡಿದಳು.

"ನಿನ್ನ ಗಿಡ ಚಿನ್ನ ಅಂದಿದ್ರು ಕಣೋ. ಎಂಟು ದಿನ ತಡೆದು ಕೀಳಬೇಕಿತ್ತಂತೆ. ನಿನಗೆ ಹೇಳು ಅಂತ ನನ್ನ ಹತ್ರ ಹೇಳಿದ್ರು. ನಾನೇ ಪಾಪಿ, ಹೇಳಲಿಲ್ಲ."

ತಮ್ಮ ಮೆಟ್ಟಿಲ ಮೇಲೆ ಕೂತು, ಕಣ್ಣೊರೆಸಿಕೊಂಡು, ಬುಟ್ಟಿಯ ಹಣ್ಣುಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದ.

"ಇನ್ಯಾರು ನೋಡ್ತಾರೋ? ಹಾಗೇ ಇಡು."

"ಭಾವ ಇಲ್ಲೇ ಇದ್ದಾರಲ್ಲಕ್ಕಾ."

ಬುಟ್ಟಿ ಮುಗಿಯುವ ತನಕ ಬಡಗಿಯೂ ಅವಸರ ಮಾಡಲಿಲ್ಲ. ಸಾಸಿವೆಯಷ್ಟು ಕಲೆಯಿದ್ದ ಹಣ್ಣೊಂದನ್ನು ತಮ್ಮ ಯಾರಿಗೂ ಕಾಣದ ಹಾಗೆ ಜೇಬಿಗೆ ಸೇರಿಸಿದ. ಉಳಿದವನ್ನು ಒಯ್ದು ಭಾವನ ಪಕ್ಕದಲ್ಲಿಟ್ಟು, ಅವನ ಮುಖವನ್ನೇ ನೋಡುತ್ತ ಒಂದು ಗಳಿಗೆ ಕಾದು ನಿಂತ.