ಸನ್ಮಾನದ ನಿಲುವಂಗಿ ಮತ್ತು ಹೊಗೆಗೂಡಿನ ತಗಡು

ಚಳಿಗಾಲ ಕಾಲಿಟ್ಟರೆ ಸಾಕು, ನಮ್ಮ ತಾಲ್ದಿ-ಬುಲುಂಗ್ ಪೇಟೆಯಲ್ಲಿ ಬೆಳಗಾದರೆ ಮನೆ ಮನೆಯಲ್ಲೂ ತಲೆನೋವು. ಯಾರನ್ನಾದರೂ ಕೇಳಿ ನೋಡಿ. "ನಿದ್ದೆ ಸರಿ ಬರಲಿಲ್ಲ" ಅನ್ನುತ್ತಾರೆ. "ಯಾರದೋ ದೃಷ್ಟಿ ತಗುಲಿದೆ" ಅನ್ನುತ್ತಾರೆ. ಮನೆ ಬೆಚ್ಚಗಿಡುವ ಕಲ್ಲಿದ್ದಲ ಒಲೆಯ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ನಾನು ಸೋನುನ್, ಬಸ್‌ಸ್ಟ್ಯಾಂಡ್ ಹತ್ತಿರ ರೊಟ್ಟಿ ಸುಟ್ಟು ಮಾರುವವಳು. ಈ ವಿಷಯ ಎತ್ತಿದರೆ ನನಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ. ಸಮಾಧಾನವಾಗಿ ಹೇಳಿ ಹೇಳಿಯೇ ಬುರುಲ್ ಎಜೆಯ ಆಯಸ್ಸು ಸವೆಯಿತು, ಯಾರು ಕೇಳಿದರು?

ಎಜೆ ಅಂದರೆ ಅಕ್ಕ. ನಮ್ಮಲ್ಲಿ ಟೀಚರನ್ನೂ ಹಾಗೇ ಕರೆಯುವುದು. ಬುರುಲ್ ಎಜೆ ಎರಡು ಜಡೆ ಹಾಕಿಕೊಂಡು ಈ ಊರಿನ ಶಾಲೆಗೆ ಬಂದವರು, ಜಡೆ ಬೆಳ್ಳಗಾಗುವವರೆಗೂ ಇಲ್ಲೇ ಕಲಿಸಿದರು. ಅಜ್ಜಿ, ಮಗ, ಮೊಮ್ಮಗಳು ಮೂವರ ಕಿವಿಯನ್ನೂ ಹಿಂಡಿದ ಕೈ ಅವರದು. ಬೀದಿಗೆ ನಲ್ಲಿ ತರಿಸಿದರು, ನದಿಯ ದಂಡೆಗೆ ಮರ ನೆಡಿಸಿದರು, ಮಕ್ಕಳಿಗೆ ಲಸಿಕೆ ಹಾಕಿಸಲು ಬಾಗಿಲು ಬಾಗಿಲು ಬಡಿದರು.

ಅವರು ಹೊಸದಾಗಿ ಬಂದಿದ್ದಾಗ, ಒಂದು ಚಳಿಗಾಲದ ಬೆಳಗ್ಗೆ ಮೊದಲ ಬೆಂಚಿನಲ್ಲಿ ಅಣ್ಣ ತಂಗಿ ಇಬ್ಬರ ಜಾಗ ಖಾಲಿ ಇತ್ತು. ಎಜೆ ಮನೆಗೆ ಹೋಗಿ ನೋಡಿದರೆ ಅಪ್ಪ, ಅಮ್ಮ, ಮಕ್ಕಳು, ಎಲ್ಲರೂ ಮಲಗಿದ ಹಾಗೇ ಇದ್ದರು. ಯಾರೂ ಏಳಲಿಲ್ಲ. ಬಿಸಿ ಹೊರಗೆ ಹೋಗಬಾರದೆಂದು ಹೊಗೆಗೂಡಿಗೆ ಅಡ್ಡ ಇರುವ ತಗಡು ಎಳೆದು ಮುಚ್ಚಿದ್ದರು, ಒಳಗೆ ಕಲ್ಲಿದ್ದಲು ಇನ್ನೂ ಕೆಂಪಗೆ ಉರಿಯುತ್ತಿತ್ತು. ಊರಿನವರು ಹಣೆಬರಹ ಅಂದರು. "ಹಣೆಬರಹ ಅಲ್ಲ, ತಗಡು" ಅಂದವರು ಎಜೆ ಒಬ್ಬರೇ. ಅಂದಿನಿಂದ ಪ್ರತಿ ವರ್ಷ ಹಿಮ ಬೀಳುವ ಮೊದಲು ಹಗ್ಗಕ್ಕೆ ಕಲ್ಲು, ಪೊರಕೆ ಕಟ್ಟಿಕೊಂಡು ಮನೆ ಮನೆಗೆ ಹೋಗಿ ಹೊಗೆಗೂಡು ಗುಡಿಸುತ್ತಿದ್ದರು.

ಅವರಿಗೆ ಎಂಬತ್ತು ದಾಟಿದ ಮೇಲೆ ಊರಿಗೆ ಜ್ಞಾನೋದಯವಾಯಿತು. ದೊಡ್ಡ ಸಭಾಂಗಣದಲ್ಲಿ ಕೂರಿಸಿ, ನಮ್ಮ ಪದ್ಧತಿಯಂತೆ ಹತ್ತಿ ತುಂಬಿದ ಕಸೂತಿ ನಿಲುವಂಗಿ ತೊಡಿಸಿ ಸನ್ಮಾನ ಮಾಡಿದರು. ಭಾಷಣಗಳೋ ಭಾಷಣಗಳು! ಕೊನೆಗೆ ಎಜೆ ಮೈಕಿನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು.

"ನಿಲುವಂಗಿ ಚೆನ್ನಾಗಿದೆ. ನಿಮ್ಮ ನಿಮ್ಮ ಮನೆ ಹೊಗೆಗೂಡು ಗುಡಿಸಿದ್ದೀರಾ?"

ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಉರಿಯಿತು. ಮುದುಕಿ ತಮಾಷೆ ಮಾಡಲು ಬಂದಿದ್ದಳೇ? ಅತಿ ಜೋರಾಗಿ ಚಪ್ಪಾಳೆ ತಟ್ಟಿದವಳು ನಮ್ಮ ಪಕ್ಕದ ಮನೆಯ ಕಾಲ್ಬುಬು.

ಹಿಮ ಬಿತ್ತು. ಕಾಲ್ಬುಬುವಿನ ಸೊಸೆ ಚಿನಾರಾ ಹೆತ್ತಳು, ಗಂಡು ಮಗು. ನಲವತ್ತು ದಿನ ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದು ಅನ್ನುವುದು ನಮ್ಮವರ ನೇಮ. ಕಾಲ್ಬುಬು ಕಿಟಕಿಯ ಸಂದಿಗೆಲ್ಲ ಉಣ್ಣೆ ತುರುಕಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ಒಂದು ಬೆಳಗ್ಗೆ ನಾನು ಬಿಸಿ ರೊಟ್ಟಿ ಕೊಡಲು ಹೊರಟಾಗ ಬುರುಲ್ ಎಜೆಯೂ ಜೊತೆಗೆ ಬಂದರು. ವಿಪರೀತ ಚಳಿ ಎಂದು ಆ ಸನ್ಮಾನದ ನಿಲುವಂಗಿಯನ್ನೇ ಹಾಕಿಕೊಂಡಿದ್ದರು.

ಬಾಗಿಲು ತೆಗೆದ ಕಾಲ್ಬುಬು ಕೈಯಲ್ಲಿ ಧೂಪದ ತಟ್ಟೆ ಹಿಡಿದಿದ್ದಳು.

"ಒಳಗೆ ಬರಬೇಡಿ ಎಜೆ. ಮಗೂಗೆ ದೃಷ್ಟಿ ಆಗಿದೆ. ಹಾಲು ಕುಡೀತಿಲ್ಲ, ಕಣ್ಣೇ ಬಿಡ್ತಿಲ್ಲ. ಸೊಸೆಗೂ ತಲೆ ಸಿಡೀತಿದೆ, ವಾಂತಿ ಬೇರೆ."

"ನಿನಗೆ?"

"ನಂಗೂ ತಲೆಸುತ್ತು. ಅದಕ್ಕೇ ಧೂಪ ಹಾಕ್ತಿದ್ದೀನಿ."

"ಮೂರು ಜನಕ್ಕೂ ಒಟ್ಟಿಗೆ ದೃಷ್ಟಿ ಹಾಕೋಕೆ ಯಾರಿಗಮ್ಮ ಅಷ್ಟು ಪುರುಸೊತ್ತು? ಸರಿ ಪಕ್ಕಕ್ಕೆ!"

ಎಜೆ ಕಂಬಳಿ ಕಿತ್ತೆಸೆದು ಒಳಗೆ ನುಗ್ಗಿದರು. ನಾನು ಕಿಟಕಿ ತೆರೆದೆ. ಹೊಗೆಗೂಡಿನ ತಗಡು ಪೂರ್ತಿ ಮುಚ್ಚಿತ್ತು, ಕೆಂಡದ ಮೇಲೆ ಪುಟ್ಟ ಪುಟ್ಟ ನೀಲಿ ಜ್ವಾಲೆ ಆಡುತ್ತಿತ್ತು. ಎಜೆ ತಗಡನ್ನು ಎಳೆದು ತೆಗೆದರು. ತೊಟ್ಟಿಲಿನಲ್ಲಿದ್ದ ಕೂಸನ್ನು ಎತ್ತಿಕೊಂಡರೆ ಅದು ಬಟ್ಟೆಯ ಗಂಟಿನ ಹಾಗೆ ಕೈಯಲ್ಲಿ ಜೋತು ಬಿತ್ತು.

"ಅಯ್ಯೋ, ಹೊರಗೆ ಕರ್ಕೊಂಡು ಹೋಗ್ಬೇಡಿ!" ಕಾಲ್ಬುಬು ಬಾಗಿಲಿಗೆ ಅಡ್ಡ ನಿಂತಳು. "ಹಿಮದ ಗಾಳಿ ಬಡಿದ್ರೆ ನನ್ನ ಮೊಮ್ಮಗ ಉಳಿಯಲ್ಲ!"

ಎಜೆ ನಿಲುವಂಗಿ ಬಿಚ್ಚಿ ಕೂಸಿಗೆ ಸುತ್ತಿದರು. "ಚಳಿಗೆ ಇದಿದೆ. ವಿಷಗಾಳಿಗೆ ನಿನ್ನ ಹತ್ರ ಏನಿದೆ ಹೇಳು? ಮೂರನೇ ಕ್ಲಾಸಲ್ಲಿ ನಿನ್ನ ಕಿವಿ ಹಿಂಡಿದ್ದು ಸಾಲಲಿಲ್ಲ ಕಣೇ. ಬಿಡು ದಾರಿ!"

ನಾನು ಚಿನಾರಾಳ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಕುರಿದೊಡ್ಡಿಯಲ್ಲಿದ್ದ ಕಾಲ್ಬುಬುವಿನ ಮಗ ಮೆದೆರ್ ಓಡಿ ಬಂದ.

"ಎಜೆ, ಒಲೆಯಿಂದ ಹೊಗೆ ಒಂಚೂರೂ ಬಂದಿಲ್ವಲ್ಲ? ವಾಸನೆನೂ ಇಲ್ಲ!"

"ಅದೇ ಕಣೋ ಅದರ ಮೋಸ! ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳೋದೇ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡು, ನಿಂತು ನೋಡಬೇಡ!"

ವಿಷಗಾಳಿ ಎಂದದ್ದೇ ತಡ, ಕಾಲ್ಬುಬು ಬಟ್ಟಲಲ್ಲಿ ಹುಳಿಮಜ್ಜಿಗೆ ತಂದಳು. "ಇದು ಕುಡಿದ್ರೆ ಇಳಿಯುತ್ತಂತೆ..."

"ರಕ್ತಕ್ಕೆ ಸೇರಿದ್ದು ಮಜ್ಜಿಗೆಗೆ ಇಳಿಯಲ್ಲ. ಆಸ್ಪತ್ರೆಗೆ ನಡಿ, ನೀನೂ!"

ಎಜೆ ಬರೀ ಸ್ವೆಟರಿನಲ್ಲಿ ಹಿಮದ ಮೇಲೆ ನಿಂತು ಕೂಸಿನ ಅಂಗಾಲು ಉಜ್ಜುತ್ತಿದ್ದರು. ಆಮೇಲೆ ನಿಲುವಂಗಿಯೊಳಗಿಂದ ಒಂದು ಕೀರಲು ಅಳು ಕೇಳಿಸಿತು. ಅಷ್ಟು ಚೆಂದದ ಅಳು ನಾನು ಕೇಳಿಯೇ ಇಲ್ಲ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಮ್ಲಜನಕ ಕೊಟ್ಟರು. ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು. ಇಷ್ಟಾದರೂ ಕಾಲ್ಬುಬು ಗೊಣಗಿದಳು: "ಗಾಳಿ ಸೋಕಿಸಬಾರದು ಅಂತ ನಮ್ಮ ಹಿರಿಯರು ಸುಮ್ನೆ ಮಾಡಿದ್ರಾ?"

"ಹಿರಿಯರು ಎಲ್ಲಿದ್ರು ಹೇಳು," ಅಂದರು ಎಜೆ.

"ಉಣ್ಣೆ ಗುಡಾರದಲ್ಲಿ."

"ಗುಡಾರದ ನೆತ್ತಿ ಮೇಲೆ ಏನಿರ್ತಿತ್ತು?"

ನೆತ್ತಿಯ ಮೇಲೆ ಹೊಗೆ ಹೋಗುವ ದೊಡ್ಡ ಕಿಂಡಿ ಇರುತ್ತಿತ್ತು, ಅದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

"ಅವರು ಕಿಂಡಿ ಬಿಟ್ಟು ಬಾಗಿಲು ಹಾಕಿದ್ರು. ನೀನು ಕಿಂಡಿನೇ ಮುಚ್ಚಿ ಅವರ ಹೆಸರು ಹೇಳ್ತೀಯಲ್ಲ."

ಕಾಲ್ಬುಬು ಎಜೆಯ ಕೈ ಹಿಡಿದು ಗಳಗಳನೆ ಅತ್ತಳು. ಆಮೇಲೆ ಅವಳು ಒಗೆದು ತಂದ ನಿಲುವಂಗಿಯನ್ನು ಎಜೆ ವಾಪಸು ತೆಗೆದುಕೊಳ್ಳಲಿಲ್ಲ, "ಅವನಿಗೇ ಇರಲಿ, ನನಗಿಂತ ಅವನಿಗೇ ಕೆಲಸಕ್ಕೆ ಬಂತು" ಅಂದರು.

ಮಾರನೆಯ ವರ್ಷ ಚಳಿ ಶುರುವಾಗುವಾಗ ಬುರುಲ್ ಎಜೆ ತೀರಿಕೊಂಡರು. ತುಂಬಿದ ಬಾಳು. ತಿಥಿಯೂಟಕ್ಕೆ ಊರೆಲ್ಲ ಅದೇ ಸಭಾಂಗಣದಲ್ಲಿ ಸೇರಿತು. ಮತ್ತೆ ಅವೇ ಭಾಷಣಗಳು: ಮಹಾತಾಯಿ, ದೀಪ, ದಾರಿ. ನಾನು ಹಲ್ಲು ಕಚ್ಚಿ ಕೂತಿದ್ದೆ. ಆಗ ಕಾಲ್ಬುಬು ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಎದ್ದು ನಿಂತಳು. ಕೂಸಿನ ಮೈಗೆ ಅದೇ ನಿಲುವಂಗಿ ಸುತ್ತಿತ್ತು.

"ಸಾಕು ನಿಲ್ಲಿಸ್ರೋ!" ಅಂದಳು. "ಹೊಗಳೋಕೆ ಬಂದಿದ್ದೀರಲ್ಲ, ಬರೋವಾಗ ಒಲೆಗೆ ಇದ್ದಲು ತುಂಬಿ ತಗಡು ಮುಚ್ಚಿ ಬಂದೋರು ಯಾರ್ಯಾರು? ಮನೇಲಿ ಯಾರು ಮಲಗಿದ್ದಾರೆ? ಕೈ ಎತ್ತಿ ನೋಡೋಣ!"

ಒಂದು ಕೈಯೂ ಏಳಲಿಲ್ಲ. ಭಾಷಣ ಮಾಡುತ್ತಿದ್ದವರು ಕಾಗದ ಮಡಚಿದರು. ಬಾಗಿಲ ಹತ್ತಿರ ಕೂತಿದ್ದ ಒಬ್ಬ ಎದ್ದು, ಟೋಪಿಯನ್ನೂ ಮರೆತು ಹೊರಗೆ ಓಡಿದ. ಹಿಂದೆಯೇ ಇಬ್ಬರು ಹೆಂಗಸರು. ಆಮೇಲೆ ಅರ್ಧ ಸಭೆಯೇ ತಟ್ಟೆ ಬಿಟ್ಟು ಎದ್ದಿತು. ಎಜೆಗೆ ಈ ಊರು ಮಾಡಿದ ಸನ್ಮಾನ ಅಂದರೆ ಅದೊಂದೇ.

ನೀವೂ ಅಷ್ಟೇ. "ಪಾಪ, ಎಂಥ ಒಳ್ಳೆ ಟೀಚರು" ಅಂತ ನಿಟ್ಟುಸಿರು ಬಿಟ್ಟು ಮಗ್ಗುಲು ಬದಲಿಸಬೇಡಿ. ಕಲ್ಲಿದ್ದಲ ಒಲೆಯಾಗಲಿ, ಕೆಂಡದ ಅಗ್ಗಿಷ್ಟಿಕೆಯಾಗಲಿ, ಮುಚ್ಚಿದ ಕೋಣೆಯಲ್ಲಿ ಉರಿಸಿ ಮಲಗಬೇಡಿ. ಕೆಂಡ ಪೂರ್ತಿ ಬೂದಿಯಾಗಿ ತಣ್ಣಗಾಗುವವರೆಗೆ ಹೊಗೆಗೂಡು ಮುಚ್ಚಬೇಡಿ. ಚಳಿಗಾಲಕ್ಕೆ ಮೊದಲೇ ಅದನ್ನು ಗುಡಿಸಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆ ನೋಯುತ್ತಿದ್ದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಕರೆತಂದು ಆಂಬುಲೆನ್ಸ್ ಕರೆಯಿರಿ. ಬಾಣಂತಿಯನ್ನು ಬೆಚ್ಚಗಿಡಲು ಕಂಬಳಿ ಇದೆ, ಅವಳು ಉಸಿರಾಡಬೇಕಾದ ಗಾಳಿಯನ್ನು ಕಿತ್ತುಕೊಳ್ಳಬೇಡಿ. ಈ ಹಾಳೆಯನ್ನು ಕೆಳಗಿಡಿ. ಎದ್ದು ಹೋಗಿ, ಈಗಲೇ, ನಿಮ್ಮ ಒಲೆ ನೋಡಿ.